ರಸೀದಿ ಕೇಳಿ ಕೊಟ್ಟದ್ದು ದಾನವೇ?



ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ, ಎಲ್ಲಿಯೇ ನೋಡಿ, ಮಗನೋ ಮಗಳೋ ಅಳಿಯನೋ ಹೊರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಕ್ರಿಸ್ಮಸ್ ಹತ್ತಿರವಾದಾಗ ಆ ಮಕ್ಕಳಿಗೆ ಊರಿನ ನೆನಪಾಗುತ್ತದೆ. ತಾವು ಓದಿದ ಶಾಲೆ, ಅಜ್ಜಿಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಸಿಸ್ಟರುಗಳ ಆಶ್ರಮ, ಇವಕ್ಕೆ ಏನಾದರೂ ಕಳುಹಿಸೋಣ ಅನ್ನಿಸುತ್ತದೆ. ಒಳ್ಳೆಯದೇ. ಅದರ ಬೆನ್ನಲ್ಲೇ ಫೋನಿನಲ್ಲಿ ಇನ್ನೊಂದು ಮಾತು ಬರುತ್ತದೆ: "ಅಮ್ಮಾ, ಇಲ್ಲಿ ತೆರಿಗೆಗೆ ತೋರಿಸಲು ರಸೀದಿ ಸಿಗುತ್ತದೆಯೇ, ಫಾದರ್ ಹತ್ತಿರ ಕೇಳು." ತಾಯಿಗೆ ಮುಜುಗರ. ದೇವರ ಹೆಸರಿನಲ್ಲಿ ಕೊಟ್ಟದ್ದಕ್ಕೆ ರಸೀದಿಯೇ? ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಶುಭಸಂದೇಶದಲ್ಲಿ ಕೇಳಿದ್ದೇವಲ್ಲ!

ಕೇಳಿದ್ದೇವೆ, ನಿಜ. ಆದರೆ ಯೇಸುಸ್ವಾಮಿ ಆ ಮಾತನ್ನು ಯಾರಿಗೆ ಹೇಳಿದರೆಂಬುದನ್ನು ನಾವು ಮರೆಯುತ್ತೇವೆ. ಬೀದಿಯಲ್ಲಿ, ಪ್ರಾರ್ಥನಾಮಂದಿರದಲ್ಲಿ ಜನ ನೋಡಲೆಂದು ತುತ್ತೂರಿ ಊದಿಸಿ ಕೊಡುವವರನ್ನು ಕುರಿತು ಹೇಳಿದರು. ಹೊಗಳಿಕೆಗಾಗಿ ಕೊಡಬೇಡ ಎಂದರೇ ಹೊರತು ಲೆಕ್ಕ ಇಡಬೇಡ ಎನ್ನಲಿಲ್ಲ. ಹಬ್ಬದ ದಿನ ಮೈಕಿನಲ್ಲಿ ದಾನಿಗಳ ಪಟ್ಟಿ ಓದಿಸುವುದಕ್ಕಿಂತ ಸದ್ದಿಲ್ಲದೆ ಕೊಟ್ಟು ರಸೀದಿ ಪಡೆದು ಪೆಟ್ಟಿಗೆಯಲ್ಲಿಡುವುದೇ ಆ ವಾಕ್ಯಕ್ಕೆ ಹತ್ತಿರವೆಂದು ನನ್ನ ಅಭಿಪ್ರಾಯ.

ಹಾಗಾದರೆ ತೊಡಕು ಎಲ್ಲಿದೆ? ಬ್ರಿಟನ್ನಿನ ಪದ್ಧತಿಯನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿ 1990ರಲ್ಲಿ 'ಗಿಫ್ಟ್ ಏಡ್' ಎಂಬ ಏರ್ಪಾಡು ಬಂತು. ಈಗ ಅದರಂತೆ ತೆರಿಗೆ ಕಟ್ಟುವ ವ್ಯಕ್ತಿ ಅಲ್ಲಿನ ದತ್ತಿ ಸಂಸ್ಥೆಗೆ 100 ಪೌಂಡ್ ಕೊಟ್ಟು ಒಂದು ಘೋಷಣೆಗೆ ಸಹಿ ಹಾಕಿದರೆ, ಸರ್ಕಾರ ತನ್ನ ಬೊಕ್ಕಸದಿಂದ ಇನ್ನೂ 25 ಪೌಂಡನ್ನು ಆ ಸಂಸ್ಥೆಗೆ ಸೇರಿಸುತ್ತದೆ. ಸಹಿ ಹಾಕುವವರು ಆ ವರ್ಷ ಅಷ್ಟು ತೆರಿಗೆ ಕಟ್ಟಿರಲೇಬೇಕು. ತೆರಿಗೆಯನ್ನೇ ಕಟ್ಟದ ಅತ್ತೆಯ ಹೆಸರಿನಲ್ಲಿ ಸಹಿ ಹಾಕಿಸಿದರೆ ಅದು ಸುಳ್ಳು. ಈಗ ಯೋಚಿಸಿ, ಆ 25 ಪೌಂಡ್ ಯಾರದು? ನಮ್ಮ ಹುಡುಗನದಲ್ಲ, ಅಲ್ಲಿ ಬಸ್ ಓಡಿಸುವವರು, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ದಾದಿಯರು ಕಟ್ಟಿದ ತೆರಿಗೆಯ ಪಾಲು. ಹಲಸೂರಿನ ಹೆಸರನ್ನೇ ಕೇಳದ ಜನ ತಮಗೆ ತಿಳಿಯದಂತೆಯೇ ಹಲಸೂರಿನ ಮಗುವಿಗೆ ಊಟ ಹಾಕುತ್ತಿದ್ದಾರೆ.

ಆದ್ದರಿಂದ ರಸೀದಿ ಕೇಳಿದ ಕೂಡಲೇ ದಾನ ಚಿಕ್ಕದಾಗುವುದಿಲ್ಲ. ಅದರೊಳಗೆ ಮೂರನೆಯವರ ಹಣವೂ ಸೇರುತ್ತದೆ, ಅಷ್ಟೆ. ಮೂರನೆಯವರ ಹಣ ಸೇರಿದ ಮೇಲೆ 'ನಮ್ಮ ನಮ್ಮಲ್ಲಿ ನಂಬಿಕೆ ಇದೆ, ಲೆಕ್ಕ ಯಾಕೆ' ಎಂಬ ಮಾತು ನಡೆಯುವುದಿಲ್ಲ.

ದಾನಕ್ಕೆ ತೆರಿಗೆ ವಿನಾಯಿತಿ ಕೊಡುವ ದೇಶಗಳು ಬಿಗಿಯಾಗಿರುವುದು ಇದಕ್ಕಾಗಿಯೇ. ಅಮೆರಿಕದಲ್ಲಿರುವ ನಿಮ್ಮ ಮಗಳು ಬೆಂಗಳೂರಿನ ಟ್ರಸ್ಟಿಗೆ ನೇರವಾಗಿ ಡಾಲರ್ ಕಳುಹಿಸಿದರೆ ಅವಳಿಗೆ ಅಲ್ಲಿ ವಿನಾಯಿತಿಯಿಲ್ಲ. ಅಲ್ಲಿಯೇ ನೋಂದಾಯಿತವಾದ ದತ್ತಿ ಸಂಸ್ಥೆಗೆ ಕೊಡಬೇಕು, ಆ ಸಂಸ್ಥೆ ಇಲ್ಲಿಗೆ ಕಳುಹಿಸಬೇಕು. ಆ ಸಂಸ್ಥೆ ಬರಿಯ ಕೊಳವೆಯಂತೆ ಇರಬಾರದೆಂದು ಅಲ್ಲಿನ ತೆರಿಗೆ ಇಲಾಖೆ 1963ರಷ್ಟು ಹಿಂದೆಯೇ ತೀರ್ಮಾನ ಕೊಟ್ಟಿದೆ. ಹಣ ಎಲ್ಲಿಗೆ, ಯಾವ ಕೆಲಸಕ್ಕೆ ಎಂಬುದನ್ನು ಆ ಸಂಸ್ಥೆಯ ಮಂಡಳಿಯೇ ನಿರ್ಧರಿಸಬೇಕು, ಆಮೇಲೆ ವಿಚಾರಿಸಬೇಕು. 'ಇದು ನಮ್ಮ ಚಿಕ್ಕಮ್ಮನ ಮಗಳ ಫೀಸಿಗೆ' ಎಂದು ಹೆಸರು ಹೇಳಿ ಕೊಟ್ಟದ್ದು ವಿನಾಯಿತಿಗೆ ಸಲ್ಲದು. ಅದು ಒಳ್ಳೆಯ ಕೆಲಸವೇ, ಆದರೆ ಕುಟುಂಬದ ಕರ್ತವ್ಯ. ನಮ್ಮ ಬೆಂಗಳೂರಿನಲ್ಲಿ 2000ದಲ್ಲಿ ಶಾಲಾ ಮಕ್ಕಳ ಊಟಕ್ಕಾಗಿ ಆರಂಭವಾದ ಅಕ್ಷಯ ಪಾತ್ರ ಸಂಸ್ಥೆ ಅಮೆರಿಕದಲ್ಲಿ ಒಂದು ಸೋದರ ಸಂಸ್ಥೆಯನ್ನು ಕಟ್ಟಿಕೊಂಡದ್ದು ಈ ಕಾರಣಕ್ಕೇ. ಅಂಥ ಶಕ್ತಿ ಇಲ್ಲದವರಿಗೆ ಗ್ಲೋಬಲ್ ಗಿವಿಂಗ್‌ನಂಥ ಮಧ್ಯವರ್ತಿ ಸಂಸ್ಥೆಗಳಿವೆ. ಅವು ಕಾಗದಪತ್ರ ಪರಿಶೀಲಿಸಿ, ಹಣದಲ್ಲಿ ಒಂದು ಪಾಲನ್ನು ಖರ್ಚಿಗೆಂದು ಹಿಡಿದುಕೊಂಡು, ಉಳಿದದ್ದನ್ನು ಕಳುಹಿಸುತ್ತವೆ. ಕೆನಡಾ 2022ರಲ್ಲಿ ತನ್ನ ಕಾನೂನನ್ನು ಸ್ವಲ್ಪ ಸಡಿಲಿಸಿತು. ಆದರೂ ಹಣಕ್ಕೆ ಉತ್ತರ ಹೇಳಬೇಕಾದದ್ದು ಅಲ್ಲಿನ ಸಂಸ್ಥೆಯೇ.

ಇದು ಆಚೆ ಬದಿಯ ಬಾಗಿಲಾಯಿತು. ಈಚೆ ಬದಿಯಲ್ಲಿ ನಮ್ಮದೇ ಬಾಗಿಲಿದೆ: ಎಫ್.ಸಿ.ಆರ್.ಎ., ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ. 1976ರಲ್ಲಿ ಬಂದು, 2010ರಲ್ಲಿ ಹೊಸದಾಗಿ ರೂಪುಗೊಂಡು, 2020ರ ಸೆಪ್ಟೆಂಬರಿನ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಈಗ ವಿದೇಶಿ ವಂತಿಗೆ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು ನೂರಕ್ಕೆ 20ನ್ನು ಮೀರಬಾರದು; ಮೊದಲು 50ರವರೆಗೆ ಅವಕಾಶವಿತ್ತು. ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇನ್ನೊಂದು ನಿಯಮ. ದೊಡ್ಡ ಸಂಸ್ಥೆ ವಿದೇಶದಿಂದ ಪಡೆದದ್ದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ಕೆ.ಆರ್. ಪುರದ ಆಚೆ ನಾಲ್ಕು ಸಿಸ್ಟರುಗಳು ನಡೆಸುವ ಚಿಕ್ಕ ಮನೆಗೆ ದೊಡ್ಡ ಸಂಸ್ಥೆಯ ಮೂಲಕ ಹಣ ಬರುವ ದಾರಿ ಹೀಗೆ ಮುಚ್ಚಿತು. ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್ 8ರಂದು ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ಮನೆಯವರು ತಾವೇ ನೋಂದಣಿ ಪಡೆಯೋಣವೆಂದರೆ ಮೂರು ವರ್ಷಗಳಿಂದ ನಡೆಯುತ್ತಿರಬೇಕು, ಆ ಮೂರು ವರ್ಷಗಳಲ್ಲಿ ತಮ್ಮ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಬಡವರಿಗೆ ಇದು ಬಡವರ ಮೇಲಿನ ಭಾರವಾಗಿಯೇ ಕಾಣುತ್ತದೆ, ನನಗೂ ಹಾಗೆಯೇ ಕಾಣುತ್ತದೆ.

ಇಲ್ಲಿಯೇ ಶೋಧನೆ ಬರುವುದು. 'ಫಾದರ್, ಅಷ್ಟೆಲ್ಲ ಯಾಕೆ? ನಮ್ಮ ಅಣ್ಣ ನನ್ನ ಖಾತೆಗೆ ಹಾಕುತ್ತಾನೆ, ನಾನು ತೆಗೆದು ನಿಮ್ಮ ಕೈಗೆ ಕೊಡುತ್ತೇನೆ.' ಹೇಳುವವರ ಮನಸ್ಸಿನಲ್ಲಿ ಕಪಟವಿಲ್ಲ. 2022ರ ನಿಯಮದಂತೆ ಸಂಬಂಧಿಕರಿಂದ ವರ್ಷಕ್ಕೆ 10 ಲಕ್ಷದವರೆಗೆ ಸರ್ಕಾರಕ್ಕೆ ತಿಳಿಸದೆಯೇ ಪಡೆಯಬಹುದು ಎಂಬುದೂ ನಿಜ. ಆದರೆ ಆ ರಿಯಾಯಿತಿ ಇರುವುದು ಅಣ್ಣ ತಂಗಿಗೆ ಕೊಡುವುದಕ್ಕೆ. ತಂಗಿಯ ಹೆಸರಿನ ಮರೆಯಲ್ಲಿ ವಿದೇಶಿ ಪ್ರಜೆಯಾದ ಅಣ್ಣ ಟ್ರಸ್ಟಿಗೆ ಕೊಟ್ಟರೆ, ಕೊಟ್ಟವರು ಯಾರೆಂಬ ಸತ್ಯವನ್ನು ನಾವು ಬಚ್ಚಿಟ್ಟಂತಾಯಿತು. ಸಂತ ಥಾಮಸ್ ಅಕ್ವಿನಾಸರು ದಾನವನ್ನು ಪ್ರೀತಿಯ ಕಾರ್ಯವೆಂದೇ ಕರೆಯುತ್ತಾರೆ. ಆದರೆ ಅನ್ಯಾಯದಿಂದ ಬಂದದ್ದನ್ನು ದಾನ ಮಾಡಬಹುದೇ ಎಂಬ ಪ್ರಶ್ನೆಯನ್ನೂ ಅದೇ ಜಾಗದಲ್ಲಿ ಎತ್ತುತ್ತಾರೆ. ಕಾನೂನು ಕಷ್ಟ ಕೊಡುತ್ತದೆ ಎನ್ನುವುದು ಒಂದು ಮಾತು. ಅದಕ್ಕಾಗಿ ಸುಳ್ಳು ಹೇಳಬಹುದು ಎನ್ನುವುದು ಬೇರೆ ಮಾತು. ಕಾನೂನು ಬದಲಾಗಲಿ ಎಂದು ಬಹಿರಂಗವಾಗಿ ಕೇಳುವ ಹಕ್ಕು ನಮಗಿದೆ. ಒಳದಾರಿ ಹಿಡಿದವರಿಗೆ ಹಾಗೆ ಕೇಳಲು ಬಾಯಿ ಬರುವುದಿಲ್ಲ.

ಸಂತ ಪೌಲರನ್ನು ನೋಡಿ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವರು ಮಕೆದೋನಿಯ, ಕೊರಿಂಥಗಳಲ್ಲಿ ಕಾಣಿಕೆ ಎತ್ತಿದರು. ಸಮುದ್ರದಾಚೆಯ ದಾನಿಗಳಿಂದ ಸಹಾಯ ಕೂಡಿಸುವ ಕೆಲಸ ನಮ್ಮ ಧರ್ಮಸಭೆಯಲ್ಲಿ ಅಷ್ಟು ಹಳೆಯದು! ಪ್ರೇಷಿತರೇ ಬಂದು 'ನನ್ನನ್ನು ನಂಬಿ' ಎಂದಿದ್ದರೆ ಸಾಕಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತೀತನನ್ನೂ, ಸಭೆಗಳೇ ಆರಿಸಿದ ಸಹೋದರನನ್ನೂ ಜೊತೆಗಿಟ್ಟುಕೊಂಡರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಜನರ ಮುಂದೆಯೂ ನೇರವಾಗಿರಬೇಕು ಎಂಬುದು ಅವರ ಕಾಳಜಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯವನ್ನು ನಮ್ಮ ಟ್ರಸ್ಟುಗಳ ಖಜಾಂಚಿಗಳು ವರ್ಷಕ್ಕೊಮ್ಮೆಯಾದರೂ ಓದಬೇಕು. ಗುರುಗಳೂ ಓದಬೇಕು.

ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲಿನ್ ಜಾರಿಕೊ ಎಂಬ ಯುವತಿಯ ಯೋಜನೆಯಿಂದ 1822ರಲ್ಲಿ ವಿಶ್ವಾಸಪ್ರಸಾರ ಸಂಘ ಹುಟ್ಟಿತು. ಹತ್ತು ಹತ್ತು ಜನರ ಗುಂಪು, ವಾರಕ್ಕೊಂದು ಸಣ್ಣ ನಾಣ್ಯ. ಕೊಟ್ಟವರಲ್ಲಿ ರೇಷ್ಮೆ ಕಾರ್ಖಾನೆಗಳ ಹೆಣ್ಣುಮಕ್ಕಳೂ ಇದ್ದರು. ಮಿಷನ್ ನಾಡುಗಳಿಂದ ಬಂದ ಪತ್ರಗಳನ್ನು ಅಚ್ಚು ಹಾಕಿಸಿ ಅವರಿಗೆ ಓದಲು ಕೊಡುತ್ತಿದ್ದರು. ಅವರ ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಸುವ ಬಗೆ ಅದು. ಅವರಿಗೆ ತೆರಿಗೆ ವಿನಾಯಿತಿ ಇರಲಿಲ್ಲ, ವಿವರ ಮಾತ್ರ ಸಿಗುತ್ತಿತ್ತು. 2022ರಲ್ಲಿ ಆಕೆಯನ್ನು ಧನ್ಯಳೆಂದು ಸಾರಲಾಯಿತು.

ಹೊರಗಿನ ಹಣವನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು 2021ರ ಕ್ರಿಸ್ಮಸ್ ನಮಗೆ ತೋರಿಸಿತು. ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿಯ ಎಫ್.ಸಿ.ಆರ್.ಎ. ನವೀಕರಣವನ್ನು ಡಿಸೆಂಬರ್ 25ರಂದೇ ನಿರಾಕರಿಸಲಾಯಿತು. 2022ರ ಜನವರಿಯಲ್ಲಿ ಅದು ಮರಳಿ ಸಿಕ್ಕಿತು. ಆದರೆ ಹಸಿವು ನವೀಕರಣಕ್ಕಾಗಿ ಕಾಯುವುದಿಲ್ಲ. ಇಲ್ಲಿಯವರೇ ತಿಂಗಳಿಗೆ ಇನ್ನೂರು ಮುನ್ನೂರು ಕೊಟ್ಟು ನಿಲ್ಲಿಸಬಹುದಾದ ಚಿಕ್ಕ ಮನೆಗೆ ವಿದೇಶಿ ನೋಂದಣಿಯ ಬೆನ್ನು ಹತ್ತುವುದು ಬೇಡವೆಂದೇ ನನ್ನ ಸಲಹೆ.

ಮಕ್ಕಳಿಗೆ ಫೋನ್ ಮಾಡುವಾಗ ಮೊದಲು ಕೇಳಬೇಕಾದದ್ದು ಒಂದೇ: ಪಾಸ್‌ಪೋರ್ಟ್ ಯಾವ ದೇಶದ್ದು? ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ವಂತಿಗೆಯಾಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿಯೊಂದನ್ನು ಟ್ರಸ್ಟಿಗೆ ಕೊಡಲಿ. ಆ ದೇಶಗಳಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ, ಹಾಗಾಗಿ ಅಲ್ಲಿನ ರಸೀದಿಯ ಚಿಂತೆಯೂ ಇಲ್ಲ. ಇಂದಿರಾನಗರದ ಮನೆಯ ಬಾಡಿಗೆಗೆ ಇಲ್ಲಿ ತೆರಿಗೆ ಕಟ್ಟುತ್ತಿದ್ದರೆ, 80ಜಿ ಎಂದು ನಾವೆಲ್ಲ ಕರೆಯುತ್ತ ಬಂದ ವಿನಾಯಿತಿಯನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಲಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗದು. 2,000 ರೂಪಾಯಿ ಮೀರಿದ ನಗದು ದಾನಕ್ಕೂ ಸಿಗದು. ಕೆನಡಾದ, ಅಮೆರಿಕದ ಪ್ರಜೆಗಳಾದವರು ಮಾತ್ರ, ಓ.ಸಿ.ಐ. ಕಾರ್ಡ್ ಇದ್ದರೂ ಸಹ, ಎಫ್.ಸಿ.ಆರ್.ಎ. ನೋಂದಣಿ ಇರುವ ಸಂಸ್ಥೆಗೇ ಕಳುಹಿಸಬೇಕು. ಕಳುಹಿಸುವ ಮುನ್ನ ಆ ನೋಂದಣಿಯ ಅವಧಿ ಮುಗಿದಿಲ್ಲವೇ ಎಂದು ಸಂಸ್ಥೆಯವರನ್ನು ಕೇಳಿ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು.