ಬಿಸಿ ದೋಸೆಯ ಪಾಲು

ಪಿಯುಸಿ ಓದುವಾಗ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಬ್ಬನೇ ಕೂತು ಮಸಾಲೆ ದೋಸೆ ತಿಂದೆ. ಮನೆಗೆ ಹೋಗಿ, ತಲೆನೋವು, ಊಟ ಬೇಡ ಎಂದೆ. ನನಗಾಗಿ ಕಾದು ಕೂತಿದ್ದ ಅಮ್ಮ ನನ್ನ ಮುಖ ನೋಡಿ, "ಕೈ ಸರಿಯಾಗಿ ತೊಳ್ಕೋ, ಬೆಣ್ಣೆ ವಾಸನೆ ಬರ್ತಿದೆ" ಎಂದಳು. ಅಷ್ಟೇ. ಆಮೇಲೆ ತಟ್ಟೆ ಹಾಕಿಕೊಂಡು ತಾನೊಬ್ಬಳೇ ಉಂಡಳು.

ಅದು ಕದ್ದ ದುಡ್ಡಲ್ಲ, ನನ್ನದೇ ಸ್ಕಾಲರ್‌ಶಿಪ್ಪಿನದು. ದೋಸೆ ತಿಂದರೆ ಬೈಯುವ ಮನೆಯೂ ನಮ್ಮದಲ್ಲ. ಹಾಗಿದ್ದರೆ ಸುಳ್ಳು ಯಾಕೆ ಹೇಳಿದೆ? ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಸುಖವೇ ಬದುಕಿನ ಗುರಿ ಎಂದ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ಹೆಸರನ್ನು ಈಗ ದುಬಾರಿ ಊಟದ ಶೋಕಿಗೆ ಅಂಟಿಸುತ್ತಾರೆ. ಅವನ ದಿನದ ಆಹಾರವೋ, ರೊಟ್ಟಿ ಮತ್ತು ನೀರು. ಹಬ್ಬ ಮಾಡಬೇಕೆನಿಸಿದಾಗ ಗೆಳೆಯನಿಗೆ ಕಾಗದ ಬರೆದು ಒಂದು ಪುಟ್ಟ ಕುಡಿಕೆ ಚೀಸ್ ತರಿಸಿಕೊಳ್ಳುತ್ತಿದ್ದನಂತೆ. ಓದಿದಾಗ ಖುಷಿಯಾಗಿತ್ತು: ಮಳೆಗಾಲದ ಸಂಜೆ ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಅವಲಕ್ಕಿ, ಒಂದು ಲೋಟ ಕಾಫಿ, ಇಷ್ಟರಲ್ಲೇ ತೃಪ್ತರಾದ ನಾವೂ ತತ್ವಜ್ಞಾನಿಗಳೇ ಅಂತ! ಆದರೆ ಆ ಚೀಸ್ ಮಾಡಿದವರು ಯಾರು? ಸರಳ ಸುಖ ಎನ್ನುವಾಗ ಅದು ತಿನ್ನುವವನಿಗೆ ಸರಳವೋ, ಮಾಡುವವಳಿಗೋ?

ಬಜ್ಜಿಯನ್ನೇ ನೋಡಿ. ಬಾಣಲೆಯಿಂದ ತೆಗೆದ ಎರಡು ನಿಮಿಷದಲ್ಲಿ ತಿನ್ನಬೇಕು, ಆಮೇಲೆ ಅದು ಬರೀ ಮೆತ್ತಗಿನ ಎಣ್ಣೆ ಹಿಟ್ಟು. ಆ ಎರಡು ನಿಮಿಷ ಯಾವತ್ತೂ ಜಗಲಿಯಲ್ಲಿ ಕೂತವರದು. ಕರಿಯುವವರಿಗೆ ಎಣ್ಣೆಯ ವಾಸನೆಗೇ ಹಸಿವು ಸತ್ತಿರುತ್ತದೆ. ದೋಸೆಯ ಕತೆಯೂ ಅದೇ. ಕಾವಲಿಗೆ ಅಂಟಿ ಹರಿದ ಮೊದಲನೆಯದು ಅಮ್ಮನಿಗೆ, ಪಾತ್ರೆ ಬಳಿದು ಹುಯ್ದ ಕೊನೆಯದೂ ಅಮ್ಮನಿಗೆ. ನಡುವಿನ ಗರಿಗರಿಯಾದವೆಲ್ಲ ನಮಗೆ. ಅಪ್ಪ ತಿಂಗಳಿಗೊಮ್ಮೆ ನನ್ನನ್ನು ಹೋಟೆಲಿಗೆ ಕರೆದೊಯ್ದಾಗ ಅಮ್ಮನಿಗೆ ಒಂದು ಪಾರ್ಸಲ್ ಕಟ್ಟಿಸುತ್ತಿದ್ದರು. ಬಾಳೆಲೆ, ಅದರ ಮೇಲೆ ಪೇಪರು, ದಾರ. ಮನೆ ತಲುಪುವಷ್ಟರಲ್ಲಿ ದೋಸೆ ಬೆವತು ಒದ್ದೆ ಬಟ್ಟೆಯ ಹಾಗಾಗಿರುತ್ತಿತ್ತು. ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು. ಹೋಟೆಲ್ ದೋಸೆ ಅಂದರೆ ಹೀಗೇ ಎಂದು ಅವಳು ನಂಬಿದ್ದಳೋ ಏನೋ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಅವಳನ್ನು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. 1943ರಿಂದ ಇರುವ ಹೋಟೆಲು. ಬಾಗಿಲಲ್ಲಿ ಕಾಯುವ ಜನ, ಒಂದೇ ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆ ಪೇರಿಸಿಕೊಂಡು ಬರುವ ಪಂಚೆಯುಟ್ಟ ಸಪ್ಲೈಯರ್. ಅಮ್ಮ ದೋಸೆಯ ಅಂಚು ಮುರಿದಳು. ಸದ್ದಾಯಿತು. ನನ್ನ ಕಡೆ ನೋಡಿ ನಕ್ಕಳು. ಅವಳು ಕೂತು, ಬೇರೆಯವರು ತಂದಿಟ್ಟ ಬಿಸಿ ದೋಸೆ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಬೈ ಟು ಕಾಫಿ ಹೇಳಿದೆ. "ಒಂದು ಕಾಫಿಗೂ ಬಡತನವೇನೋ?" ಎಂದು ಪಿಸುಗುಟ್ಟಿದಳು. ಬೆಂಗಳೂರಿನಲ್ಲಿ ಅದು ಜಿಪುಣತನವಲ್ಲ, ಸ್ನೇಹ ಎಂದು ವಿವರಿಸಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಹೊರಗೆ ಬಂದು ಕೇಳಿದಳು: "ಅಲ್ಲಿ ಒಲೆ ಮುಂದೆ ನಿಂತಿರ್ತಾರಲ್ಲ, ಅವರು ಯಾವಾಗ ತಿಂತಾರೆ?"

"ದುಡ್ಡು ಕೊಟ್ಟಿದ್ದೀವಲ್ಲಮ್ಮ" ಎಂದೆ. ಈಗ ಅನ್ನಿಸುತ್ತದೆ, ಉತ್ತರ ಪೂರ್ತಿ ತಪ್ಪಲ್ಲ. ಹೋಟೆಲಿನಲ್ಲಿ ಬಿಲ್ ಕೊಟ್ಟರೆ ಋಣ ತೀರದಿದ್ದರೂ ಕನಿಷ್ಠ ಅದು ಕಾಗದದ ಮೇಲೆ ಬರುತ್ತದೆ. ಒಲೆ ಮುಂದಿನವರಿಗೆ ಸಂಬಳ ಉಂಟು, ಪಾಳಿ ಉಂಟು. ಮನೆಯಲ್ಲಿ ಬಿಲ್ ಇಲ್ಲ. ಅದಕ್ಕೇ ನಾವು "ಅಮ್ಮನ ಕೈರುಚಿ" ಎಂಬ ಮಾತು ಇಟ್ಟುಕೊಂಡಿದ್ದೇವೆ. ಎಷ್ಟು ಹೊಗಳುತ್ತೇವೋ ಅಷ್ಟು ಗಟ್ಟಿಯಾಗಿ ಅವಳನ್ನು ಒಲೆ ಮುಂದೆ ನಿಲ್ಲಿಸುತ್ತೇವೆ. ಇದು ಕಟುವಾಯಿತು ಎನ್ನಬಹುದು. ಪ್ರೀತಿಯಿಂದ ಮಾಡುತ್ತಾಳಲ್ಲ ಎನ್ನಬಹುದು. ಹೌದು, ಪ್ರೀತಿ ಇದೆ. ಆದರೆ ಹರಿದ ದೋಸೆ ಪ್ರತಿ ಸಲವೂ ಪ್ರೀತಿಸುವವರ ತಟ್ಟೆಗೇ ಹೋಗಿ ಬೀಳುವುದನ್ನು ಕಾಕತಾಳೀಯ ಎನ್ನಲಾರೆ.

ಆ ಪಿಯುಸಿ ಮಧ್ಯಾಹ್ನ ನನಗೆ ನಾಚಿಕೆಯಾದದ್ದು ದೋಸೆ ತಿಂದದ್ದಕ್ಕಲ್ಲ. ಅವಳ ಊಟ ಕಾಯುತ್ತಿತ್ತು ಎಂಬುದು ತಿನ್ನುವಾಗ ನನಗೆ ನೆನಪೇ ಆಗಿರಲಿಲ್ಲ, ಅದಕ್ಕೆ.

ಮೊನ್ನೆ ಭಾನುವಾರ ಅವಳನ್ನು ಕೂರಿಸಿ ನಾನೇ ಕಾವಲಿ ಹಿಡಿದೆ. ಮೊದಲನೆಯದು ಹರಿಯಿತು, ಬದಿಗಿಟ್ಟೆ. ಅವಳಿಗೆ ಕೂರಲಾಗದು. ಎದ್ದು ಬಂದು ಉರಿ ಸಣ್ಣ ಮಾಡುತ್ತಾಳೆ, ಹಿಟ್ಟು ಗಟ್ಟಿಯಾಯಿತು ಎನ್ನುತ್ತಾಳೆ. ಗದರಿ ಕಳಿಸಿದೆ. ಎರಡು, ಮೂರು, ನಾಲ್ಕು ಬಡಿಸಿದೆ. ನನ್ನ ಹಸಿವು ಸತ್ತಿತ್ತು, ಮೊಣಕಾಲು ನೋಯುತ್ತಿತ್ತು. ಆಗ ಹಾಲಿನಿಂದ ಕೇಳಿಸಿತು: "ಇನ್ನೊಂದು ಹಾಕು ಮಗಾ, ಸ್ವಲ್ಪ ಕೆಂಪಗೆ."

ನಿಜ ಹೇಳಬೇಕೆಂದರೆ ನನಗೆ ಒಂದು ಕ್ಷಣ ಸಿಟ್ಟೇ ಬಂತು. ನಾವು ಹೀಗೆ ಕೂಗಿದಾಗೆಲ್ಲ ಅವಳಿಗೂ ಬಂದಿರಬೇಕಲ್ಲ. ಅದನ್ನೆಲ್ಲ ಎಲ್ಲಿಟ್ಟಿದ್ದೆ ಎಂದು ಕೇಳಬೇಕೆನಿಸಿತು. ಕಾವಲಿ ಹೊಗೆಯಾಡುತ್ತಿತ್ತು. ನೀರು ಚಿಮುಕಿಸಿ ಹಿಟ್ಟು ಹುಯ್ದೆ.