ಬಾವಿಯ ಕಟ್ಟೆ

ನಾನು ಹುಟ್ಟಿ ಬೆಳೆದ ಮನೆಯ ಹಿತ್ತಿಲಲ್ಲಿ ಒಂದು ಬಾವಿಯಿತ್ತು. “ಬಾವಿಯ ಹತ್ತಿರ ಹೋಗಬೇಡ್ರೋ” ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಆದರೆ ಆ ಕೂಗೊಂದನ್ನೇ ನಂಬಿ ಮನೆಯವರು ಸುಮ್ಮನಿರಲಿಲ್ಲ; ನಾವು ಹುಟ್ಟುವ ಮೊದಲೇ ಅದಕ್ಕೆ ಸೊಂಟದೆತ್ತರದ ಕಟ್ಟೆ ಕಟ್ಟಿಸಿದ್ದರು. ಬುದ್ಧಿ ಹೇಳುವುದು ಒಂದು. ಬುದ್ಧಿ ತಪ್ಪಿದ ಗಳಿಗೆಗೂ ಆಸರೆಯೊಂದನ್ನು ಇಟ್ಟಿರುವುದು ಇನ್ನೊಂದು.

ಊರಾಚೆಯ ಕಲ್ಲುಕ್ವಾರಿಗಳನ್ನು ಕಂಡಾಗ ಈ ಬಾವಿ ನೆನಪಿಗೆ ಬರುತ್ತದೆ. ಕಲ್ಲು ತೆಗೆದ ಹಳ್ಳದಲ್ಲಿ ಮಳೆಯ ನೀರು ನಿಲ್ಲುತ್ತದೆ. ಅದರ ಅಂಚಿನಲ್ಲಿಯೇ ಟಿಪ್ಪರುಗಳ ದಾರಿ. ಒಂದು ದಿನ ಒಂದು ಟಿಪ್ಪರು ನೀರಿಗೆ ಉರುಳಿದರೆ, “ಚಾಲಕನ ನಿಯಂತ್ರಣ ತಪ್ಪಿ” ಎಂಬ ಮೂರು ಮಾತಿನಲ್ಲಿ ವಿಚಾರಣೆ ಮುಗಿದುಹೋಗುತ್ತದೆ. ಇನ್ನು ಕೆಲವರು ಹಣೆಬರಹವೆನ್ನುತ್ತಾರೆ. ಎರಡು ಮಾತೂ ಬದುಕಿರುವವರಿಗೆ ಬಹಳ ಅನುಕೂಲವಾದವು.

ಆದರೆ ನಡೆದದ್ದೇನು? ದಡದ ಬುಡವನ್ನು ನೀರು ಕೊರೆದಿರುತ್ತದೆ. ನೆನೆದ ಮಣ್ಣು ಬಿಗಿ ಕಳೆದುಕೊಂಡಿರುತ್ತದೆ. ಮೇಲೆ ಮಾತ್ರ ನೆಲ ಗಟ್ಟಿಯಾಗಿಯೇ ಕಾಣುತ್ತದೆ. ತುಂಬಿದ ಗಾಡಿಯ ಹಿಂಗಾಲಿ ಅಲ್ಲಿಗೆ ಬಂದಾಗ ದಡವೇ ಕುಸಿಯುತ್ತದೆ. ಆಮೇಲೆ ಚಾಲಕನ ಚಾತುರ್ಯಕ್ಕೆ ಎಡೆಯಿಲ್ಲ. ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಬಾಗಿಲಿನ ತುದಿಯವರೆಗೆ ಹೊರಗೆ ನೀರೇರಿ, ಒಳಗೆ ಇನ್ನೂ ನೀರು ಬಾರದಿದ್ದರೆ, ಅದನ್ನು ಒತ್ತುವ ಬಲ ಸುಮಾರು 500 ಕಿಲೋ ಭಾರಕ್ಕೆ ಸಮ. ಯಾವ ಭೀಮ ಅದನ್ನು ಒಳಗಿನಿಂದ ತಳ್ಳಿಯಾನು?

ಆದ್ದರಿಂದ ಮಾಡಬೇಕಾದದ್ದೆಲ್ಲ ಮೊದಲೇ ಮಾಡಬೇಕು. ಅಮೆರಿಕದ ಗಣಿ ಸುರಕ್ಷತೆಯ ನಿಯಮ, ಇಳಿಜಾರಿನ ಅಂಚಿನ ದಾರಿಗೆ ಬದು ಹಾಕಬೇಕೆನ್ನುತ್ತದೆ. ಅದರ ಎತ್ತರ, ಆ ದಾರಿಯಲ್ಲಿ ವಾಡಿಕೆಯಾಗಿ ಓಡಾಡುವ ಅತಿ ದೊಡ್ಡ ಗಾಡಿಯ ಅಚ್ಚಿನ ನಡುಮಟ್ಟಕ್ಕೆ ಕಡಮೆಯಾಗಬಾರದು. ಕುಸಿಯುವ ದಡದ ಮೇಲೆ ಬದುವೂ ಸಾಲದು. ಅಲ್ಲಿ ಹೊರೆಯನ್ನು ಅಂಚಿನಿಂದ ದೂರದಲ್ಲೇ ಸುರಿದು, ಬುಲ್ಡೋಜರಿನಿಂದ ಮುಂದೆ ತಳ್ಳಬೇಕು. ಮಳೆ ಬಂದ ಮರುದಿನ ದಡವನ್ನು ನೋಡಿದ ಮೇಲೆಯೇ ಗಾಡಿಯನ್ನು ಬಿಡಬೇಕು. ರಾತ್ರಿಯ ಕೆಲಸಕ್ಕೆ ಸಾಕಷ್ಟು ಬೆಳಕಿರಬೇಕು.

ಹಾಗಾದರೆ ಚಾಲಕನಿಗೆ ಹೊಣೆಯಿಲ್ಲವೆ? ಉಂಟು. ಆದರೆ ಕರ್ತವ್ಯವೆಂಬುದು ಶಕ್ತಿಯನ್ನು ಮೀರಿ ಹೋಗಲಾರದು. ಕಾಲಡಿಯ ಟೊಳ್ಳನ್ನು ಗಾಡಿಯೊಳಗೆ ಕುಳಿತವನು ಕಾಣಲಾರ. ಹತ್ತು ಗಂಟೆ ದುಡಿದವನ ಕಣ್ಣು ಒಮ್ಮೆ ಮುಚ್ಚೀತು. ಕಾಣಬಲ್ಲವನು, ಕೆಲಸ ನಿಲ್ಲಿಸಬಲ್ಲವನು ಯಾರೋ ಅವನದೇ ಮೊದಲ ಹೊಣೆ. ನಮ್ಮ ದೇಶದ 1952ರ ಗಣಿ ಕಾಯಿದೆ ಮಾಲಿಕನನ್ನೂ ಮ್ಯಾನೇಜರನ್ನೂ ಹೊಣೆಗಾರರನ್ನಾಗಿ ಮಾಡಿದುದರ ನ್ಯಾಯ ಇದೇ. “ಜಾಗ್ರತೆ” ಎಂದು ಬೋರ್ಡು ಬರೆಸಿ ಬದು ಹಾಕದವನು ತನ್ನ ಹೊಣೆಯನ್ನು ದಣಿದವನ ಹೆಗಲಿಗೆ ದಾಟಿಸಿದನೇ ಹೊರತು ತೀರಿಸಲಿಲ್ಲ.

ಬದುವಿಗೆ ಬೇಕಾದ ಮಣ್ಣು ಗಣಿಯಲ್ಲೇ ಬಿದ್ದಿದೆ. ದುಬಾರಿಯಾದದ್ದು ಮಣ್ಣಲ್ಲ, ಹೊತ್ತು. ಆ ಹೊತ್ತನ್ನು ಅವಸರಪಡಿಸುವವರಲ್ಲಿ ನಾವೂ ಇದ್ದೇವೆ. ನಮ್ಮ ಮನೆಯ ತಾರಸಿಗೆ ಬೇಕಾದ ಜಲ್ಲಿ ನಾಳೆಯೇ ಬರಬೇಕು, ಅಗ್ಗವಾಗಿಯೂ ಬರಬೇಕು; ಅದು ಯಾವ ಅಂಚಿನಿಂದ ಬಂತೆಂದು ನಾವು ಕೇಳುವುದಿಲ್ಲ.

ಮುನ್ನೆಚ್ಚರಿಕೆಗೆ ಇರುವ ದೊಡ್ಡ ತೊಡಕೆಂದರೆ ಅದಕ್ಕೆ ಸಾಕ್ಷಿಯಿಲ್ಲ. ಮುಳುಗುವವನನ್ನು ಎತ್ತಿದವನಿಗೆ ಹಾರ ಹಾಕುತ್ತೇವೆ. ಮುಳುಗದಂತೆ ಮಾಡಿದವನ ಹೆಸರು ಉಳಿಯುವುದಿಲ್ಲ. ಫಲವನ್ನು ಕಣ್ಣಾರೆ ಕಾಣುವ ಆಸೆಯನ್ನೂ ಬಿಟ್ಟು ಮಾಡಬೇಕಾದ ಕೆಲಸ ಅದು.

ನಮ್ಮ ಬಾವಿಗೆ ಯಾರೂ ಬೀಳಲಿಲ್ಲ. ಕಟ್ಟೆಯ ಮೇಲೆ ಕೊಡವಿಟ್ಟು ಹೆಂಗಸರು ಮಾತಾಡಿದರು, ನಾವು ಮಕ್ಕಳು ಅದಕ್ಕೊರಗಿ ನೀರಿನಲ್ಲಿ ಮುಖ ನೋಡಿಕೊಂಡೆವು. ಅದನ್ನು ಕಟ್ಟಿಸಿದವರು ಯಾರೆಂದು ಒಂದು ದಿನವೂ ಕೇಳಲಿಲ್ಲ.