ಗೆಲ್ಲುವವರಾರು, ಗೆಲ್ಲತಕ್ಕವರಾರು?

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಮಲಪ್ರಭೆಯ ದಂಡೆಯ ಊರುಗಳಲ್ಲಿ ನಾಟಕದ ಮಾತು ತಾನಾಗಿಯೇ ಏಳುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ಸಾಲಾಗಿ ಡೇರೆ ಹೊಡೆಯುತ್ತವೆ. ವಾರಗಟ್ಟಲೆ ಒಂದರ ಎದುರು ಒಂದು ಪೈಪೋಟಿಯಿಂದ ಆಟ ನಡೆಯುತ್ತದೆ. ಯಾವ ಕಂಪನಿಗೆ ಜನ ಮುಗಿಬಿದ್ದಾರು, ಯಾವುದು ಗಂಟುಮೂಟೆ ಕಟ್ಟೀತು ಎಂದು ಪರದೆ ಏಳುವುದಕ್ಕೆ ಮೊದಲೇ ಊರೂರಿನ ಕಟ್ಟೆಗಳ ಮೇಲೆ ತೀರ್ಮಾನವಾಗಿರುತ್ತದೆ.

ಈಚೆಗೆ ಭಕ್ತರೊಬ್ಬರ ಮನೆಯ ಪಾದಪೂಜೆಗೆಂದು ನಾವು ಹೊಳೆಮಣ್ಣೂರಿಗೆ ಹೋಗಿದ್ದೆವು. ಪ್ರಸಾದವಾದ ಮೇಲೆ ಊರ ತರುಣರು ಕೆಲವರು ಬಂದು ಕುಳಿತರು. ಜಾತ್ರೆಯ ಕಂಪನಿಗಳ ಮಾತು ಮುಗಿದು, ಹತ್ತಿರದಲ್ಲೇ ನಡೆಯಲಿದ್ದ ಒಂದು ನಾಟಕ ಸ್ಪರ್ಧೆಯ ಮಾತು ಬಂದಿತು. ಅವರಲ್ಲೊಬ್ಬನು ಯಾರಿಗೆ ಮೊದಲ ಬಹುಮಾನ, ಯಾರಿಗೆ ಎರಡನೆಯದು, ಶ್ರೇಷ್ಠ ನಟ ಯಾರು ಎಂಬುದನ್ನೆಲ್ಲ ಬೆರಳು ಮಡಿಚಿ ಹೇಳಿಬಿಟ್ಟನು. “ನಾಟಕ ಎಲ್ಲಾ ನೋಡೀಯೇನಪಾ?” ಎಂದು ನಾವು ಕೇಳಿದೆವು. ಅವನು ನಕ್ಕು, “ನಾಟಕ ಯಾಕ ನೋಡಬೇಕ್ರಿ ಅಜ್ಜಾರ? ತೀರ್ಪು ಕೊಡಾವ್ರು ಯಾರಂತ ಗೊತ್ತಾದ್ರ ಸಾಕು” ಎಂದನು. ಕುಳಿತವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಮಠಕ್ಕೆ ಮರಳುವ ದಾರಿಯಲ್ಲಿ ಆ ನಗೆ ನಮ್ಮ ಗಂಟಲಲ್ಲಿಯೇ ನಿಂತಿತು. ಅದು ಏಕೆ ನಿಂತಿತೆಂಬುದನ್ನು ಮುಂದೆ ನಿವೇದಿಸುತ್ತೇವೆ.

ವಾಚಕ ಬಂಧುಗಳೇ, ಬಹುಮಾನ ಯಾರಿಗೆ ಬಂದೀತೆಂದು ಊಹಿಸುವುದರಲ್ಲಿ ದೋಷವೇನಿದೆ? ಮೇಲುನೋಟಕ್ಕೆ ಏನೂ ಇಲ್ಲ. ಅದು ಜೂಜಲ್ಲ, ಯಾರ ಗಂಟೂ ಹೋಗುವುದಿಲ್ಲ. ಈ ಕುತೂಹಲವು ಹಳ್ಳಿಯದು ಮಾತ್ರವೂ ಅಲ್ಲ. ಅಮೇರಿಕೆಯ ನ್ಯೂಯಾರ್ಕಿನಲ್ಲಿ 1947ರಿಂದ ಕೊಡುತ್ತ ಬಂದಿರುವ ಟೋನಿ ಪ್ರಶಸ್ತಿಗೆ ಪ್ರತಿ ವಸಂತದಲ್ಲಿಯೂ ಯಾರು ನಾಮಕರಣಗೊಂಡಾರು, ಅವರಲ್ಲಿ ಯಾರು ಗೆದ್ದಾರು ಎಂದು ಬರೆಯುವುದೇ ಕೆಲವರ ಉದ್ಯೋಗ. ನಮ್ಮ ದೆಹಲಿಯಲ್ಲಿ 2006ರಲ್ಲಿ ಆರಂಭವಾದ ಮಹೀಂದ್ರಾ ರಂಗಪ್ರಶಸ್ತಿಗೆ ದೇಶದ ನಾನಾ ಭಾಷೆಗಳ ನಾಟಕಗಳಲ್ಲಿ ಹತ್ತನ್ನು ಆಯ್ದು, ಅವನ್ನು ತೀರ್ಪುಗಾರರ ಮುಂದೆ ಆಡಿಸುತ್ತಾರೆ; ಆ ಹತ್ತು ಯಾವುವೆಂಬುದೇ ರಂಗಕರ್ಮಿಗಳಲ್ಲಿ ದೊಡ್ಡ ಚರ್ಚೆ. ಕರ್ನಾಟಕದಲ್ಲಂತೂ ಅಕ್ಟೋಬರ್ ತಿಂಗಳು ಬಂದರೆ ರಾಜ್ಯೋತ್ಸವ ಪ್ರಶಸ್ತಿಯ ಮಾತೇ ಮಾತು. 2023ರಲ್ಲಿ 68 ಜನರಿಗೆ, 2024ರಲ್ಲಿ 69 ಜನರಿಗೆ ಆ ಗೌರವ ಸಂದಿತು. ಅದರಲ್ಲಿ ರಂಗಭೂಮಿಯ ಪಾಲು ಎಷ್ಟು, ಯಾವ ಜಿಲ್ಲೆಗೆ ಬಂದೀತು, ಯಾರ ಸರದಿ ಎಂದು ಲೆಕ್ಕ ಹಾಕುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಈ ಊಹೆಯ ಸ್ವರೂಪವೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ನಮ್ಮ ತರ್ಕಶಾಸ್ತ್ರವು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಅರಿಯುವುದನ್ನು ಅನುಮಾನ ಪ್ರಮಾಣವೆನ್ನುತ್ತದೆ. ಹೊಗೆ ಹೇತು, ಬೆಂಕಿ ಸಾಧ್ಯ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆಂಬ ನಿಯತ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಪ್ರಶಸ್ತಿಯನ್ನು ಊಹಿಸುವವನ ಹೇತು ಯಾವುದು? ಹೋದ ವರ್ಷ ಅಲ್ಲಿ ಗೆದ್ದವರು ಈ ವರ್ಷ ಇಲ್ಲಿ ಗೆದ್ದಾರು. ಈ ತೀರ್ಪುಗಾರರಿಗೆ ಪೌರಾಣಿಕವೆಂದರೆ ಪ್ರೀತಿ. ಹಿರಿಯರಾದವರಿಗೆ ಇನ್ನು ಕೊಡದಿದ್ದರೆ ಚೆನ್ನಾಗಿರದು. ಇವುಗಳಲ್ಲಿ ಒಂದಕ್ಕಾದರೂ ನಾಟಕದೊಡನೆ ನಿಯತ ಸಂಬಂಧವಿದೆಯೇ? ಇಲ್ಲ. ಇಂಥದನ್ನು ತಾರ್ಕಿಕರು ಸವ್ಯಭಿಚಾರ ಹೇತುವೆನ್ನುತ್ತಾರೆ. ಒಮ್ಮೆ ನಿಜವಾಗುತ್ತದೆ, ಒಮ್ಮೆ ಕೈಕೊಡುತ್ತದೆ. 1963ರಲ್ಲಿ ಎಡ್ವರ್ಡ್ ಆಲ್ಬಿಯವರ ‘ಹೂ ಈಸ್ ಅಫ್ರೇಡ್ ಆಫ್ ವರ್ಜಿನಿಯಾ ವುಲ್ಫ್?’ ಎಂಬ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ಕೊಡಬೇಕೆಂದು ನಾಟಕ ವಿಭಾಗದ ತೀರ್ಪುಗಾರರು ಸೂಚಿಸಿದರು. ಮೇಲಿನ ಮಂಡಳಿಯು ಒಪ್ಪಲಿಲ್ಲ. ಆ ವರ್ಷ ನಾಟಕಕ್ಕೆ ಪ್ರಶಸ್ತಿಯನ್ನೇ ಕೊಡಲಿಲ್ಲ. ತೀರ್ಪುಗಾರರು ರಾಜೀನಾಮೆಯಿತ್ತು ಹೊರನಡೆದರು. ಅದೇ ನಾಟಕಕ್ಕೆ ಅದೇ ವರ್ಷ ಟೋನಿ ಪ್ರಶಸ್ತಿ ಬಂದಿತು. ನಾಟಕ ಒಂದೇ ಆಗಿತ್ತು. ನೋಡುವ ಮಂಡಳಿಗಳು ಬೇರೆಯಾಗಿದ್ದುವು.

ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳಿವೆ. ಗೆಲ್ಲುವವರು ಯಾರು ಎಂಬುದೊಂದು. ಗೆಲ್ಲತಕ್ಕವರು ಯಾರು ಎಂಬುದು ಇನ್ನೊಂದು. ಮೊದಲನೆಯದು ತೀರ್ಪುಗಾರನ ಮನಸ್ಸನ್ನು ಕುರಿತದ್ದು. ಎರಡನೆಯದು ನಾಟಕವನ್ನು ಕುರಿತದ್ದು, ಅದಕ್ಕೆ ಉತ್ತರ ಕೊಡಬೇಕಾದರೆ ಮೂರು ತಾಸು ಕುಳಿತು ಕಣ್ಣು ಕಿವಿ ತೆರೆದು ನೋಡಲೇಬೇಕು. ಹೊಳೆಮಣ್ಣೂರಿನ ತರುಣನು ಹೇಳಿದ್ದು ಸತ್ಯವೇ ಆಗಿತ್ತು. ಮೊದಲನೆಯ ಪ್ರಶ್ನೆಗೆ ಉತ್ತರಿಸಲು ನಾಟಕ ನೋಡುವ ಅವಶ್ಯಕತೆಯಿಲ್ಲ.

ಊಹಿಸುವವರ ಪರವಾಗಿಯೂ ನ್ಯಾಯವಾದ ಮಾತುಗಳಿವೆ, ಅವನ್ನು ಮರೆಮಾಚಬಾರದು. ಊಹೆಯ ಹುರುಪಿನಿಂದಲೇ ಎಷ್ಟೋ ಜನ ನಾಟಕ ನೋಡಲು ಹೋಗುತ್ತಾರೆ. ತಾನು ಮೆಚ್ಚಿದ ನಟನಿಗಾಗಿ ವಾದಿಸುವವನು ಅವನ ಅಭಿನಯವನ್ನು ನಾಲ್ಕು ಸಲ ನೆನೆಯುತ್ತಾನೆ. ಅದೂ ಒಂದು ಬಗೆಯ ಮನನವೇ. ಇನ್ನೊಂದು ಉಪಕಾರವೂ ಇದೆ. ನಾಟಕವನ್ನು ನೋಡದೆಯೇ ಫಲವನ್ನು ಹೇಳಬಲ್ಲವರು ವರ್ಷವರ್ಷವೂ ಸರಿಯಾಗುತ್ತ ಹೋದರೆ, ಅದು ಅವರ ಜಾಣತನದ ಪ್ರಮಾಣವಲ್ಲ, ತೀರ್ಪಿನ ರೋಗದ ಲಕ್ಷಣ. ಊಹೆಯು ಪದೇ ಪದೇ ಹುಸಿಯಾಗುವ ಪ್ರಶಸ್ತಿಯೇ ಬಹುಶಃ ಆರೋಗ್ಯವಾಗಿರುವ ಪ್ರಶಸ್ತಿ.

ಹಾಗಾದರೆ ಕೇಡು ಎಲ್ಲಿದೆ? ಊಹೆಯು ಕಟ್ಟೆಯ ಮೇಲೆ ಇರುವ ತನಕ ಕೇಡಿಲ್ಲ. ಅದು ಎದ್ದು ಹೋಗಿ ತೀರ್ಪುಗಾರನ ಕಿವಿಯನ್ನು ಸೇರಿದಾಗ ಕೇಡು ಹುಟ್ಟುತ್ತದೆ. ಇದನ್ನು ನಾವು ಗ್ರಂಥದಿಂದ ಕಲಿಯಲಿಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂದು ಏಕಾಂಕ ನಾಟಕ ಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ಒಬ್ಬರಾಗಿ ನಮ್ಮನ್ನು ಕರೆದಿದ್ದರು. ಮೊದಲ ದಿನದ ಊಟದ ಹೊತ್ತಿಗೇ ಒಬ್ಬರು, “ಈ ಸಲವೂ ಗೆಲ್ಲೋದು ಅದೇ ತಂಡರಿ, ಎಲ್ಲಾರೂ ಹಂಗ ಅಂತಾರ” ಎಂದರು. ನಾವು ಕೇಳಿಯೂ ಕೇಳದವರಂತೆ ಇದ್ದೆವು. ಕೊನೆಯ ದಿನ ಹೊಳೆಸಾಲಿನ ಒಂದು ಹಳ್ಳಿಯ ಒಕ್ಕಲು ಮಕ್ಕಳ ತಂಡವೊಂದು ರಂಗಕ್ಕೆ ಬಂದಿತು. ನಡುವೆ ಧ್ವನಿವರ್ಧಕ ನಿಂತುಹೋಯಿತು. ಮುದುಕನ ಪಾತ್ರದ ಹುಡುಗನು ಗಾಬರಿಯಾಗಲಿಲ್ಲ. ಮಾತು ನಿಲ್ಲಿಸಿ, ಬರಿದಾದ ಕಣಜದಲ್ಲಿ ಕೈಯಾಡಿಸುತ್ತ ಸುಮ್ಮನೆ ಕುಳಿತನು. ಆ ಹೊತ್ತು ನೆರೆದ ಜನವೆಲ್ಲ ಉಸಿರು ಹಿಡಿದಿತ್ತು. ನಮ್ಮ ಕಣ್ಣಲ್ಲಿಯೂ ನೀರು ಬಂದಿತು. ಈ ವೇದಿಕೆಯ ಮೇಲೆ ಇದಕ್ಕಿಂತ ಮಿಗಿಲಾದುದನ್ನು ನೋಡಿಲ್ಲವೆಂದು ನಮ್ಮ ಅಂತಃಸಾಕ್ಷಿಯು ಸ್ಪಷ್ಟವಾಗಿ ನುಡಿಯಿತು.

ಆದರೆ ಅಂಕ ಬರೆಯುವಾಗ ಲೇಖನಿ ಹಿಂಜರಿಯಿತು. ಉಳಿದಿಬ್ಬರು ಗೆಲ್ಲುವ ತಂಡವೆಂದು ಹೆಸರಾದವರಿಗೇ ಹೆಚ್ಚು ಕೊಟ್ಟಾರು. ನಮ್ಮ ಹಾಳೆಯೊಂದೇ ಬೇರೆಯಾಗಿ ಕಂಡರೆ, ಸ್ವಾಮಿಗಳಿಗೆ ರಂಗಭೂಮಿಯ ಪರಿಚಯವಿಲ್ಲವೆಂದಾರು. ಈ ಅಂಜಿಕೆಯಿಂದ ಆ ಮಕ್ಕಳಿಗೆ ಕೊಡಬೇಕೆಂದುಕೊಂಡ ಅಂಕಗಳಲ್ಲಿ ನಾಲ್ಕನ್ನು ಕಡಿತ ಮಾಡಿದೆವು. ಅವರು ಸೋತದ್ದು ಒಂದು ಅಂಕದಿಂದ. ಗಮನಿಸಿರಿ, ನಾವು ಆ ಹೊತ್ತು ನಾಟಕಕ್ಕೆ ತೀರ್ಪು ಕೊಡಲಿಲ್ಲ. ಉಳಿದ ತೀರ್ಪುಗಾರರ ಮನಸ್ಸನ್ನು ಊಹಿಸಿದೆವು. ತೀರ್ಪಿನ ಪೀಠದ ಮೇಲೆ ಕುಳಿತು ಕಟ್ಟೆಯ ಮೇಲಿನವರ ಕೆಲಸವನ್ನು ಮಾಡಿದೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುದುಕನ ಪಾತ್ರದ ಹುಡುಗನು ಬಂದು ನಮಸ್ಕರಿಸಿ, “ಅಜ್ಜಾರ, ಎಲ್ಲಿ ತಪ್ಪಿದಿವಿ ಹೇಳ್ರಿ, ತಿದ್ಕೋತೀವಿ” ಎಂದು ಕೇಳಿದನು. ತಪ್ಪು ಅವನದಾಗಿರಲಿಲ್ಲ. ಆದರೂ ನಾವು, “ಉಚ್ಚಾರ ಇನ್ನೂ ಶುದ್ಧವಾಗಬೇಕು” ಎಂದು ಹೇಳಿ ಕಳಿಸಿದೆವು. ಮರುವರ್ಷ ಪ್ರೇಕ್ಷಕರಾಗಿ ಹೋದಾಗ ಅದೇ ತಂಡವನ್ನು ಕಂಡೆವು. ಮುದುಕನು ಪುಸ್ತಕದ ಭಾಷೆಯಲ್ಲಿ, ಒಂದೊಂದು ಅಕ್ಷರವನ್ನೂ ತೂಗಿ ತೂಗಿ ನುಡಿಯುತ್ತಿದ್ದನು. ಉಚ್ಚಾರ ಶುದ್ಧವಾಗಿತ್ತು, ಜೀವ ಹೋಗಿತ್ತು. ಅದರ ಮುಂದಿನ ವರ್ಷ ಆ ತಂಡ ಬರಲಿಲ್ಲ. ಇಲ್ಲದ ದೋಷವನ್ನು ತಿದ್ದಿಕೊಳ್ಳಲು ಹೋಗಿ ಅವರು ಇದ್ದ ಗುಣವನ್ನು ಕಳೆದುಕೊಂಡರು. ಆ ನಷ್ಟದ ಋಣ ಇಂದಿಗೂ ನಮ್ಮ ಮೇಲಿದೆ.

ಪ್ರಾಚೀನರು ಈ ಅಪಾಯವನ್ನು ಬಲ್ಲವರಾಗಿದ್ದರು. ಗ್ರೀಸಿನ ಅಥೆನ್ಸ್ ನಗರದಲ್ಲಿ ಡಯೊನೈಸಸ್ ದೇವತೆಯ ಉತ್ಸವಕ್ಕೆ ನಾಟಕ ಸ್ಪರ್ಧೆಯೇ ಪ್ರಧಾನ. ತೀರ್ಪುಗಾರರಾಗಬಲ್ಲವರ ಹೆಸರುಗಳನ್ನು ಗಡಿಗೆಗಳಲ್ಲಿ ಹಾಕಿ ಮುದ್ರೆಯೊತ್ತಿ ಕಾಯುತ್ತಿದ್ದರು. ಹತ್ತು ಕುಲಗಳಿಂದ ಒಬ್ಬೊಬ್ಬರಂತೆ ಹತ್ತು ಹೆಸರನ್ನು ಚೀಟಿಯಿಂದ ಎತ್ತುತ್ತಿದ್ದರು. ಅವರ ಮತಗಳಲ್ಲಿಯೂ ಕೆಲವನ್ನು ಮಾತ್ರ ಎತ್ತಿ ಎಣಿಸುತ್ತಿದ್ದರು. ತೀರ್ಪುಗಾರರು ಯಾರೆಂದು ಮುಂಚಿತವಾಗಿ ತಿಳಿಯದಿದ್ದರೆ ಅವರನ್ನು ಒಲಿಸುವುದೂ ಆಗದು, ಊಹಿಸುವುದೂ ಆಗದು. ಇಷ್ಟೆಲ್ಲ ಜಾಗರೂಕತೆಯಿದ್ದೂ ಫಲವೇನಾಯಿತು? ಕ್ರಿ.ಪೂ. 431ರಲ್ಲಿ ಯೂರಿಪಿಡೀಸನು ‘ಮೆಡಿಯಾ’ವನ್ನು ಆಡಿಸಿದಾಗ ಮೂವರಲ್ಲಿ ಅವನಿಗೆ ಬಂದದ್ದು ಮೂರನೆಯ ಸ್ಥಾನ. ಮೊದಲನೆಯವನಾದ ಯೂಫೋರಿಯನ್ನನ ಹೆಸರಿನಲ್ಲಿ ಇಂದು ಒಂದು ನಾಟಕವೂ ಉಳಿದಿಲ್ಲ. ಸೊಫೋಕ್ಲಿಸನು ಈಡಿಪಸ್ ದೊರೆಯ ನಾಟಕವನ್ನು ಆಡಿಸಿದ ವರ್ಷ ಫಿಲೊಕ್ಲಿಸನೆಂಬವನು ಅವನನ್ನು ಸೋಲಿಸಿದನೆಂದು ಪ್ರಾಚೀನರು ಬರೆದಿಟ್ಟಿದ್ದಾರೆ. ಗೆದ್ದವನ ಕೃತಿ ಕಾಲದ ಪಾಲಾಯಿತು, ಸೋತವನದನ್ನು ಪಿ. ಲಂಕೇಶರು ಕನ್ನಡಕ್ಕೆ ತಂದರು. ಆ ದಿನ ಅಥೆನ್ಸಿನಲ್ಲಿ ಸರಿಯಾಗಿ ಊಹಿಸಿದವನು ಬುದ್ಧಿವಂತನೆನಿಸಿಕೊಂಡಿರಬಹುದು. ಆದರೆ ಅವನು ಏನನ್ನು ಕಂಡಂತಾಯಿತು?

ಭರತಮುನಿಯ ನಾಟ್ಯಶಾಸ್ತ್ರವು ತನ್ನ 27ನೆಯ ಅಧ್ಯಾಯವನ್ನು ಪ್ರಯೋಗದ ಸಿದ್ಧಿಗೆ, ಅಂದರೆ ಯಶಸ್ಸಿಗೆ ಮೀಸಲಿಟ್ಟಿದೆ. ತೀರ್ಪುಗಾರರನ್ನು ಅದು ಪ್ರಾಶ್ನಿಕರೆಂದು ಕರೆಯುತ್ತದೆ. ಛಂದಸ್ಸನ್ನು ಛಂದೋಜ್ಞನೂ ಗಾನವನ್ನು ಗಾಯಕನೂ ಬಿಲ್ಲಿನ ನಿಲುವನ್ನು ಬಿಲ್ಲುಗಾರನೂ ನೋಡತಕ್ಕದ್ದೆಂದು ವಿಧಿಸುತ್ತದೆ. ಗೆದ್ದವರಿಗೆ ಪತಾಕೆಯನ್ನು ಕೊಡಬೇಕೆಂಬುದೂ ಅಲ್ಲಿದೆ. ಆದರೆ ಸಿದ್ಧಿ ಎರಡು ಬಗೆಯೆಂದು ಅದು ಹೇಳುವ ಮಾತು ಎಲ್ಲಕ್ಕೂ ಮಿಗಿಲಾದುದು. ಜನರು ನಗುವುದು, ಭಲೆ ಎನ್ನುವುದು, ರೋಮಾಂಚನಗೊಳ್ಳುವುದು, ಇವು ಮಾನುಷಿ ಸಿದ್ಧಿ. ರಂಗಮಂದಿರ ತುಂಬಿರುವಾಗ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಸಭೆಯೆಲ್ಲ ಒಂದೇ ಮನಸ್ಸಾಗಿ ನಿಲ್ಲುವುದು ದೈವೀ ಸಿದ್ಧಿ. ಆ ಒಕ್ಕಲು ಹುಡುಗನ ಮೌನದಲ್ಲಿ ನಾವು ಕಂಡದ್ದು ಈ ದೈವೀ ಸಿದ್ಧಿಯನ್ನೇ. ಶಾಸ್ತ್ರವನ್ನು ಓದಿಕೊಂಡಿದ್ದ ನಾವು ಅದು ಕಣ್ಮುಂದೆ ಬಂದು ನಿಂತಾಗ ನಾಲ್ಕು ಅಂಕ ಕಡಿತ ಮಾಡಿದೆವು!

ಹಾಗೆಂದು ಪ್ರಶಸ್ತಿಗಳೇ ಬೇಡವೆನ್ನಲಾಗದು. ಕಷ್ಟಪಟ್ಟವನ ಬೆನ್ನು ಚಪ್ಪರಿಸುವುದು ಸಮಾಜದ ಧರ್ಮ. ಆದರೆ ನಾಟಕವು ಪ್ರಶಸ್ತಿಗಾಗಿ ಇದೆಯೆಂಬ ಭ್ರಮೆ ಹುಟ್ಟಬಾರದು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪುಟ್ಟರಾಜ ಗವಾಯಿಗಳು ತಾವು ಅಂಧರಾಗಿದ್ದೂ ನಾಟಕಗಳನ್ನು ರಚಿಸಿದರು, ನಾಟಕ ಕಂಪನಿಯನ್ನು ನಡೆಸಿದರು. ಅದರ ಗಳಿಕೆ ಆಶ್ರಮದ ಅಂಧ ಅನಾಥ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸಂದಿತು. ಅಲ್ಲಿ ಆಟವು ಕಾಯಕ, ಅನ್ನವು ದಾಸೋಹ. 2010ರಲ್ಲಿ ಪದ್ಮಭೂಷಣ ಬಂದಾಗ ಅವರಿಗೆ 95 ದಾಟಿತ್ತು. ಅದೇ ವರ್ಷ ಅವರು ಲಿಂಗೈಕ್ಯರಾದರು. ಆ ಪ್ರಶಸ್ತಿ ಬಾರದೆ ಹೋಗಿದ್ದರೆ ಉಂಡ ಮಕ್ಕಳ ಹಸಿವು ಹಿಂಗದೆ ಇರುತ್ತಿತ್ತೇ?

ಬಂಧುಗಳೇ, ನೀವು ತೀರ್ಪಿನ ಪೀಠದಲ್ಲಿ ಕುಳಿತಾಗ ಊರ ಮಾತಿಗೆ ಕಿವಿ ಮುಚ್ಚಿರಿ, ಪಕ್ಕದವರ ಹಾಳೆಯನ್ನು ಮನಸ್ಸಿನಲ್ಲಿಯೂ ಇಣುಕಬೇಡಿರಿ. ನಿಮ್ಮ ಹಾಳೆಯೊಂದೇ ಬೇರೆಯಾದರೆ ಆಗಲಿ. ಸೋತವನು ಬಂದು ತನ್ನ ತಪ್ಪೇನೆಂದು ಕೇಳಿದರೆ, ತಪ್ಪಿಲ್ಲದಿದ್ದಲ್ಲಿ ಇಲ್ಲವೆಂದು ಹೇಳುವ ಧೈರ್ಯವಿರಲಿ. ಪ್ರೇಕ್ಷಕರಾದಾಗ ಊಹಿಸುವುದಿದ್ದರೆ ಊಹಿಸಿರಿ, ಆದರೆ ನೋಡಿದ ಮೇಲೆ ಊಹಿಸಿರಿ. ಯಾರು ಗೆಲ್ಲುತ್ತಾರೆಂದು ಹೇಳುವ ಮೊದಲು ಯಾರು ಗೆಲ್ಲಬೇಕೆಂಬುದನ್ನು ನಿಮ್ಮ ಮನಸ್ಸಿಗೆ ನೀವೇ ಹೇಳಿಕೊಳ್ಳಿರಿ. ಎರಡೂ ಉತ್ತರ ಒಂದೇ ಆದರೆ ಸಂತೋಷ. ಬೇರೆಯಾದರೆ, ಎರಡನೆಯದನ್ನು ಬಿಡಬೇಡಿರಿ. ಅದು ನಿಮ್ಮ ಸ್ವಂತದ್ದು.

ಹೊಳೆಮಣ್ಣೂರಿನ ಆ ತರುಣನಿಗೆ ನಾವು ಹೇಳಿಕಳಿಸಿದ್ದೇವೆ. ಸ್ಪರ್ಧೆ ನಡೆಯುವಾಗ ಅವನು ಹೋಗಿ ಎಲ್ಲ ನಾಟಕಗಳನ್ನೂ ಕುಳಿತು ನೋಡತಕ್ಕದ್ದು. ಬಹುಮಾನ ಯಾರಿಗೆ ಬಂದಿತೆಂಬುದನ್ನು ನಮಗೆ ತಿಳಿಸಬೇಕಾಗಿಲ್ಲ, ಯಾವ ಗಳಿಗೆಯಲ್ಲಿ ಸಭೆಯು ಉಸಿರು ಹಿಡಿಯಿತೆಂಬುದನ್ನು ಮಾತ್ರ ಬಂದು ಹೇಳತಕ್ಕದ್ದು. ಅವನ ಬರವನ್ನು ಕಾಯುತ್ತಿದ್ದೇವೆ.